ನಿಮಗಿದು ಗೊತ್ತೇ? ಕಾಲೇಜುಗಳನ್ನು ಸೋಲಿಸಿದ ಶಾಲೆ

ಹತ್ತು ವಾರ ತುಂಬುವುದರೊಳಗೆ ಹದಿನಾಲ್ಕು ಪಂದ್ಯ. ಗೆಲುವು 12, ಸೋಲು 1, ಸಮ 1. ಗಳಿಸಿದ ಅಂಕ 504, ಬಿಟ್ಟುಕೊಟ್ಟದ್ದು 114. 1912ರಲ್ಲಿ ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಇಷ್ಟು ಅಂಕ ಪೇರಿಸಿದ ಇನ್ನೊಂದು ತಂಡ ಇರಲಿಲ್ಲ. ಮಜಾ ಏನೆಂದರೆ, ಇದು ಕಾಲೇಜಿನ ತಂಡವೇ ಅಲ್ಲ! ಪೆನ್ಸಿಲ್ವೇನಿಯಾ ರಾಜ್ಯದ ಕಾರ್ಲೈಲ್ ಎಂಬ ಊರಿನಲ್ಲಿ ಅಮೆರಿಕದ ಮೂಲನಿವಾಸಿ ಮಕ್ಕಳಿಗೆಂದು ಅಲ್ಲಿನ ಕೇಂದ್ರ ಸರ್ಕಾರ ನಡೆಸುತ್ತಿದ್ದ ವಸತಿ ಶಾಲೆಯ ತಂಡ. ಪಾಠ ಹೈಸ್ಕೂಲಿನ ಮಟ್ಟ ದಾಟುತ್ತಿರಲಿಲ್ಲ. ಅರ್ಧ ದಿನ ತರಗತಿ, ಉಳಿದರ್ಧ ದಿನ ಬಡಗಿ, ಕಮ್ಮಾರ, ದರ್ಜಿ, ಬೇಸಾಯದ ಕೆಲಸ. ಸಂಜೆ ಫುಟ್‌ಬಾಲ್.

ಇಲ್ಲಿ ಫುಟ್‌ಬಾಲ್ ಎಂದರೆ ನಮ್ಮೂರಿನ ಕಾಲ್ಚೆಂಡು ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಯ ಗೆರೆಯತ್ತ ನುಗ್ಗುವುದು, ನುಗ್ಗಿದವನನ್ನು ಕೆಡವುವುದು. ಕಬಡ್ಡಿಯ ಹಿಡಿತ ನೋಡಿದವರಿಗೆ ಅರ್ಧ ಆಟ ಅರ್ಥವಾದಂತೆಯೇ.

ಪತ್ರಿಕೆಗಳು ಈ ತಂಡವನ್ನು 'ಇಂಡಿಯನ್ಸ್' ಎಂದೇ ಕರೆಯುತ್ತಿದ್ದವು. ನಮಗೂ ಅವರಿಗೂ ಸಂಬಂಧವಿಲ್ಲ. ಕೊಲಂಬಸ್ ಮಾಡಿದ ಎಡವಟ್ಟು ಅದು, ನಾನೂರು ವರ್ಷ ಕಳೆದರೂ ಯಾರೂ ತಿದ್ದಿರಲಿಲ್ಲ.

ಈ ಶಾಲೆಯನ್ನು 1879ರಲ್ಲಿ ಖಾಲಿ ಬಿದ್ದಿದ್ದ ಸೇನಾ ಬ್ಯಾರಕ್‌ಗಳಲ್ಲಿ ತೆರೆದವನು ರಿಚರ್ಡ್ ಹೆನ್ರಿ ಪ್ರ್ಯಾಟ್ ಎಂಬ ಸೇನಾಧಿಕಾರಿ. ಮಕ್ಕಳು ಬಂದಿಳಿದ ಕೂಡಲೇ ಜಡೆ ಕತ್ತರಿಸುತ್ತಿದ್ದರು, ಸಿಪಾಯಿ ಸಮವಸ್ತ್ರ ತೊಡಿಸುತ್ತಿದ್ದರು, ಹೊಸ ಇಂಗ್ಲಿಷ್ ಹೆಸರು ಇಡುತ್ತಿದ್ದರು. ಮನೆಮಾತು ಆಡಿದರೆ ಶಿಕ್ಷೆ. ಒಳಗಿನ ಇಂಡಿಯನ್ನನ್ನು ಕೊಂದು ಮನುಷ್ಯನನ್ನು ಉಳಿಸಬೇಕು ಎಂಬರ್ಥದ ಮಾತನ್ನು ಪ್ರ್ಯಾಟ್ 1892ರಲ್ಲಿ ಸಭೆಯೊಂದರಲ್ಲಿ ಬಹಿರಂಗವಾಗಿಯೇ ಹೇಳಿದ. ಹೀಗೆ ಹೇಳಿದವನು ತನ್ನನ್ನು ತಾನು ಆ ಜನರ ಹಿತೈಷಿ ಎಂದು ನಂಬಿದ್ದ. ಆ ಕಾಲದ ಉದಾರವಾದಿಗಳೂ ಅವನನ್ನು ಹಾಗೆಯೇ ಕಂಡರು.

ಇದೇ ಪ್ರ್ಯಾಟ್ ಒಮ್ಮೆ ಫುಟ್‌ಬಾಲನ್ನು ನಿಷೇಧಿಸಿದ್ದ. ಪಕ್ಕದ ಡಿಕಿನ್ಸನ್ ಕಾಲೇಜಿನ ಜೊತೆ ಆಡುವಾಗ ಹುಡುಗನೊಬ್ಬನ ಕಾಲು ಮುರಿದದ್ದೇ ಕಾರಣ. ಆಮೇಲೆ ಸುಮಾರು ನಲವತ್ತು ಹುಡುಗರು ಅವನ ಕಚೇರಿಗೆ ಬಂದು ಆಟ ಮತ್ತೆ ಶುರುಮಾಡಿ ಎಂದು ವಾದ ಹೂಡಿದರಂತೆ. ಪ್ರ್ಯಾಟ್ ಒಪ್ಪಿದ, ಆದರೆ ಎರಡು ಷರತ್ತು ಹಾಕಿದ. ಎದುರಾಳಿ ಗುದ್ದಿದರೂ ನೀವು ಗುದ್ದಬಾರದು. ಮೂರು ನಾಲ್ಕು ವರ್ಷದೊಳಗೆ ದೇಶದ ಅತಿ ದೊಡ್ಡ ತಂಡವನ್ನು ಸೋಲಿಸಬೇಕು. ಮೊದಲ ಷರತ್ತನ್ನು ಹುಡುಗರು ಮುಕ್ಕಾಲುಪಾಲು ಪಾಲಿಸಿದರು. ಎರಡನೆಯದಕ್ಕೆ ಕೊಟ್ಟ ಗಡುವಿಗಿಂತ ತುಸು ಹೆಚ್ಚು ಸಮಯ ಹಿಡಿಯಿತು, ಅಷ್ಟೇ.

ಕೋಚ್ ಬಂದದ್ದು 1899ರಲ್ಲಿ: ಗ್ಲೆನ್ ವಾರ್ನರ್. ಎಲ್ಲರ ಬಾಯಲ್ಲೂ ಪಾಪ್ ವಾರ್ನರ್. ಇವತ್ತಿಗೂ ಅಮೆರಿಕದಲ್ಲಿ ಸಣ್ಣ ಮಕ್ಕಳ ಫುಟ್‌ಬಾಲ್ ಲೀಗ್ ನಡೆಯುವುದು ಅವನ ಹೆಸರಿನಲ್ಲೇ. ಓದಿದ್ದು ಕಾನೂನು. ನಿಯಮ ಪುಸ್ತಕದಲ್ಲಿ ಏನು ಬರೆದಿದೆ ಎನ್ನುವುದಕ್ಕಿಂತ ಏನು ಬರೆದಿಲ್ಲ ಎನ್ನುವುದರ ಮೇಲೆಯೇ ಅವನ ಕಣ್ಣು.

ಒಂದು ಸ್ಯಾಂಪಲ್ ನೋಡಿ. 1903ರ ಅಕ್ಟೋಬರ್ 31, ಹಾರ್ವರ್ಡ್ ವಿರುದ್ಧದ ಪಂದ್ಯ. ಪಂದ್ಯಕ್ಕೆ ಮುಂಚೆಯೇ ಊರಿನ ದರ್ಜಿಯ ಕೈಯಲ್ಲಿ ಚಾರ್ಲ್ಸ್ ಡಿಲನ್ ಎಂಬ ಆಟಗಾರನ ಜೆರ್ಸಿಯ ಸೊಂಟಕ್ಕೆ ಎಲಾಸ್ಟಿಕ್ ಹೊಲಿಸಲಾಗಿತ್ತು. ಎರಡನೇ ಅವಧಿ ಶುರುವಾಗುವ ಒದೆತದ ಚೆಂಡು ಜಿಮ್ಮಿ ಜಾನ್ಸನ್ ಕೈಗೆ ಬಿತ್ತು. ತಂಡದವರೆಲ್ಲ ಅವನನ್ನು ಸುತ್ತುವರಿದರು. ಆ ಗುಂಪಿನೊಳಗೆ ಚೆಂಡು ಡಿಲನ್ನನ ಬೆನ್ನಿನ ಮೇಲೆ, ಜೆರ್ಸಿಯ ಒಳಗೆ ಸೇರಿಹೋಯಿತು. ಆಮೇಲೆ ಗುಂಪು ಚೆದುರಿ ಎಲ್ಲ ದಿಕ್ಕಿಗೂ ಓಟ. ಒಬ್ಬೊಬ್ಬನೂ ತನ್ನ ತಲೆಗಾಪನ್ನು ಚೆಂಡೇನೋ ಎಂಬಂತೆ ಕಂಕುಳಲ್ಲಿ ಇಟ್ಟುಕೊಂಡಿದ್ದ. ಹಾರ್ವರ್ಡಿನವರು ಸಿಕ್ಕಸಿಕ್ಕವರನ್ನು ಕೆಡವುತ್ತಿದ್ದಾಗ ಡಿಲನ್ ಎರಡೂ ಕೈ ಬೀಸಿಕೊಂಡು, ಬೆನ್ನಿನ ಮೇಲೆ ಗೂನು ಹೊತ್ತು, ಮೈದಾನದ ಉದ್ದಕ್ಕೂ ಓಡಿ ಗೆರೆ ದಾಟಿದ. ಕೈ ಖಾಲಿ ಇದ್ದವನನ್ನು ಹಿಡಿಯುವವರಾರು? ರೆಫರಿ ದಂಗಾಗಲಿಲ್ಲ, ಏಕೆಂದರೆ ವಾರ್ನರ್ ಮೊದಲೇ ಅವನ ಕಿವಿಯಲ್ಲಿ ಹೇಳಿಟ್ಟಿದ್ದ. ಪಂದ್ಯವನ್ನು ಕೊನೆಗೆ ಹಾರ್ವರ್ಡ್ 12-11ರಿಂದ ಗೆದ್ದಿತು. ಇವತ್ತು ಜನ ನೆನೆಯುವುದು ಮಾತ್ರ ಆ ಗೂನನ್ನು.

1908ರಲ್ಲಿ ಇನ್ನೊಂದು ಉಪಾಯ. ಜೆರ್ಸಿಗಳ ಎದೆಯ ಮೇಲೆ ಚೆಂಡಿನ ಆಕಾರದ ಚರ್ಮದ ತುಂಡು ಹೊಲಿಸಿದ, ಯಾರ ಬಳಿ ನಿಜವಾದ ಚೆಂಡಿದೆ ಎಂದು ಗೊತ್ತಾಗಬಾರದು. ಅದಕ್ಕೆ ಹಾರ್ವರ್ಡಿನ ಕೋಚ್ ಪರ್ಸಿ ಹಾಟನ್ ಪಂದ್ಯದ ಚೆಂಡುಗಳಿಗೇ ಹಾರ್ವರ್ಡ್ ಜೆರ್ಸಿಯ ಕಡುಗೆಂಪು ಬಣ್ಣ ಬಳಿಸಿ ತಂದಿಟ್ಟನಂತೆ. ಕಳ್ಳನಿಗೊಬ್ಬ ಕಳ್ಳ!

ಆಗಿನ ಫುಟ್‌ಬಾಲ್ ಎಷ್ಟು ಕ್ರೂರವಾಗಿತ್ತೆಂದರೆ 1905ರ ಒಂದೇ ಋತುವಿನಲ್ಲಿ ದೇಶದಾದ್ಯಂತ ಸತ್ತ ಆಟಗಾರರ ಸಂಖ್ಯೆ ಇಪ್ಪತ್ತರ ಹತ್ತಿರ. ಹೆಚ್ಚಿನವರು ಶಾಲಾ ಕಾಲೇಜು ಹುಡುಗರು. ಚೆಂಡು ಹಿಡಿದವನನ್ನು ನಡುವೆ ಇಟ್ಟುಕೊಂಡು ಗುಂಪಾಗಿ ಕೈಕೈ ಬೆಸೆದು ಎದುರಾಳಿಯ ಮೇಲೆ ಬೀಳುವುದೇ ಆಗ ಆಟ. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳ ಮುಖಂಡರನ್ನು ಅಕ್ಟೋಬರಿನಲ್ಲಿ ಶ್ವೇತಭವನಕ್ಕೆ ಕರೆಸಿ, ಆಟವನ್ನು ತಿದ್ದಿ ಎಂದರು. ಮುಂದಿನ ತಿಂಗಳು ಹಾರ್ವರ್ಡಿನ ಕಿರಿಯರ ತಂಡದಲ್ಲಿ ಆಡುತ್ತಿದ್ದ ಅವರ ಮಗನ ಮೂಗೇ ಮುರಿಯಿತು. ಕೊಲಂಬಿಯಾ ವಿಶ್ವವಿದ್ಯಾಲಯ ಆಟವನ್ನೇ ಕೈಬಿಟ್ಟಿತು. ಸ್ಟ್ಯಾನ್‌ಫರ್ಡ್, ಕ್ಯಾಲಿಫೋರ್ನಿಯಾಗಳು ರಗ್ಬಿಗೆ ಹೊರಳಿದವು.

ಈ ಗದ್ದಲದಿಂದಲೇ 1906ರಲ್ಲಿ ಕಾಲೇಜುಗಳ ಕ್ರೀಡಾ ಒಕ್ಕೂಟವೊಂದು ಹುಟ್ಟಿತು. 1910ರಿಂದ ಅದರ ಹೆಸರು ಎನ್‌ಸಿಎಎ. ಇವತ್ತು ಅಮೆರಿಕದ ಕಾಲೇಜು ಕ್ರೀಡೆಯ ಬಹುಪಾಲನ್ನು ಆಳುವ ಸಂಸ್ಥೆ ಅದೇ.

ಚೆಂಡನ್ನು ಮುಂದಕ್ಕೆ ಎಸೆಯಬಹುದು ಎಂಬ ನಿಯಮ ಬಂದದ್ದೂ 1906ರಲ್ಲೇ. ದೊಡ್ಡ ಕಾಲೇಜುಗಳು ಇದು ಹೇಡಿಗಳ ಆಟ ಎಂದು ಮೂಗು ಮುರಿದವು. ದಢೂತಿಗಳಿಲ್ಲದ, ಚುರುಕುಗಾಲಿನ ಹುಡುಗರೇ ತುಂಬಿದ್ದ ಕಾರ್ಲೈಲ್‌ಗೆ ಮಾತ್ರ ಬಯಸಿದ್ದೇ ಸಿಕ್ಕಂತಾಯಿತು. 1907ರ ಅಕ್ಟೋಬರಿನಲ್ಲಿ ಫಿಲಡೆಲ್ಫಿಯಾದ ಫ್ರ್ಯಾಂಕ್ಲಿನ್ ಫೀಲ್ಡ್‌ನಲ್ಲಿ ಪೀಟ್ ಹೌಸರ್ ಎಸೆದ ಉದ್ದನೆಯ ಪಾಸ್‌ಗಳನ್ನು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಬಾಯಿ ಬಿಟ್ಟು ನೋಡುತ್ತ ನಿಂತರು. ಅಂಕ 26-6. ಆ ವರ್ಷವೇ ಹಾರ್ವರ್ಡ್ ಕೂಡ ಮೊದಲ ಬಾರಿ ಕಾರ್ಲೈಲ್‌ಗೆ ಮಣಿಯಿತು, 23-15.

ಇನ್ನು ಜಿಮ್ ಥಾರ್ಪ್. ಈಗಿನ ಒಕ್ಲಹೋಮಾದ ಸ್ಯಾಕ್ ಅಂಡ್ ಫಾಕ್ಸ್ ಬುಡಕಟ್ಟಿನವನು. ಮನೆಯವರಿಟ್ಟ ಹೆಸರು ವಾ-ಥೋ-ಹುಕ್; ಬೆಳಗಿದ ದಾರಿ ಎಂಬರ್ಥ. ಕಾರ್ಲೈಲ್‌ಗೆ ಬಂದದ್ದು 1904ರಲ್ಲಿ. 1907ರ ಒಂದು ದಿನ ಕೆಲಸದ ಬಟ್ಟೆಯಲ್ಲೇ ಮೈದಾನದ ಪಕ್ಕ ಹೋಗುತ್ತಿದ್ದವನು, ಎತ್ತರ ಜಿಗಿತದ ಹುಡುಗರು ದಾಟಲಾಗದೆ ಬಿಟ್ಟಿದ್ದ ಪಟ್ಟಿಯನ್ನು ಸುಮ್ಮನೆ ಹಾರಿ ದಾಟಿ ನಡೆದುಬಿಟ್ಟನಂತೆ. ಮರುದಿನವೇ ವಾರ್ನರ್‌ನಿಂದ ಬುಲಾವ್. ಇಂಥ ಓಟಗಾರನ ಕಾಲು ಫುಟ್‌ಬಾಲಿನಲ್ಲಿ ಮುರಿದೀತು ಎಂದು ವಾರ್ನರ್‌ಗೆ ಭಯ. ಹುಡುಗ ಹಟ ಬಿಡಲಿಲ್ಲ. ಸರಿ, ಇವರನ್ನೆಲ್ಲ ದಾಟಿಕೊಂಡು ಓಡು ನೋಡೋಣ ಎಂದು ಇಡೀ ತಂಡವನ್ನು ಎದುರು ನಿಲ್ಲಿಸಿದರೆ, ಥಾರ್ಪ್ ಎಲ್ಲರನ್ನೂ ತಪ್ಪಿಸಿಕೊಂಡು ಆಚೆ ಬದಿ ಸೇರಿದನಂತೆ, ಅದೂ ಎರಡು ಸಲ. ಕೋಚ್‌ಗಳು ಮುಪ್ಪಿನಲ್ಲಿ ಹೇಳುವ ಕಥೆಗಳಿಗೆ ಸ್ವಲ್ಪ ಉಪ್ಪುಖಾರ ಸೇರಿರುತ್ತದೆ. ಆದರೆ ಮುಂದೆ ಇವನು ಆಡಿದ ಆಟ ನೋಡಿದರೆ ನಂಬದಿರಲು ಕಾರಣವೂ ಇಲ್ಲ.

1911ರ ನವೆಂಬರ್ 11ರಂದು ಹಾರ್ವರ್ಡ್ ವಿರುದ್ಧ ಕಾರ್ಲೈಲ್ ಗೆದ್ದದ್ದು 18-15ರಿಂದ. ನೋಯುತ್ತಿದ್ದ ಕಾಲಿಗೆ ಪಟ್ಟಿ ಸುತ್ತಿಕೊಂಡೇ ಥಾರ್ಪ್ ನಾಲ್ಕು ಫೀಲ್ಡ್ ಗೋಲ್ ಒದ್ದ, ಅಂದರೆ ನಾಲ್ಕು ಸಲ ಚೆಂಡನ್ನು ಗೋಲ್ ಕಂಬಗಳ ನಡುವೆ ಹಾಯಿಸಿದ. ಆ ಋತುವಿನಲ್ಲಿ ಕಾರ್ಲೈಲ್ ಸೋತದ್ದು ಸಿರಾಕ್ಯೂಸ್ ತಂಡಕ್ಕೆ ಮಾತ್ರ, ಒಂದೇ ಅಂಕದಿಂದ.

1912ರ ಬೇಸಿಗೆಯಲ್ಲಿ ಸ್ಟಾಕ್‌ಹೋಮ್ ಒಲಿಂಪಿಕ್ಸ್. ಥಾರ್ಪ್‌ಗೆ ಪೆಂಟಾಥ್ಲಾನ್ ಮತ್ತು ಡೆಕಾಥ್ಲಾನ್ ಎರಡರಲ್ಲೂ ಚಿನ್ನ. ಇದು ಬಹಳ ಜನಕ್ಕೆ ಗೊತ್ತು. ಅದೇ ಶಾಲೆಯ ಇನ್ನೊಬ್ಬ ಹುಡುಗ ಬೆಳ್ಳಿ ತಂದದ್ದು? ಲೂಯಿಸ್ ಟೆವಾನಿಮಾ, ಆರಿಜೋನಾದ ಹೋಪಿ ಬುಡಕಟ್ಟಿನವನು, 10,000 ಮೀಟರ್ ಓಟ. ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳಿಸುವುದಿಲ್ಲ ಎಂದು ಎದುರು ನಿಂತ ಹೋಪಿಗಳ ಗುಂಪಿನವನನ್ನು ಸೈನಿಕರು ಹಿಡಿದು 1907ರಲ್ಲಿ ಕಾರ್ಲೈಲ್‌ಗೆ ತಂದಿದ್ದರು. ಬಂದದ್ದು ಹೆಚ್ಚುಕಡಿಮೆ ಕೈದಿಯಾಗಿ. ಮರುವರ್ಷವೇ ಅವನು ಅಮೆರಿಕದ ಜೆರ್ಸಿ ತೊಟ್ಟು ಲಂಡನ್ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ ಓಡಿ ಒಂಬತ್ತನೆಯವನಾದ. ಟೆವಾನಿಮಾ ಬೆಳ್ಳಿ ಗೆದ್ದ ಆ ದೂರದಲ್ಲಿ ಅಮೆರಿಕಕ್ಕೆ ಮುಂದಿನ ಪದಕ ಸಿಕ್ಕಿದ್ದು 1964ರಲ್ಲಿ, ಟೋಕಿಯೋದಲ್ಲಿ. ಗೆದ್ದವನು ಬಿಲ್ಲಿ ಮಿಲ್ಸ್. ಅವನೂ ಮೂಲನಿವಾಸಿಯೇ, ಲಕೋಟ.

1912ಕ್ಕೆ ಫುಟ್‌ಬಾಲಿನ ನಿಯಮಗಳೂ ಬದಲಾದವು. ಮೈದಾನದ ಉದ್ದ 110 ಗಜದಿಂದ 100ಕ್ಕೆ ಇಳಿಯಿತು, ಎರಡು ತುದಿಗೂ 10 ಗಜದ ವಲಯ ಸೇರಿತು. ಹತ್ತು ಗಜ ಮುಂದುವರಿಯಲು ಮೂರರ ಬದಲು ನಾಲ್ಕು ಯತ್ನ. ಚೆಂಡಿನೊಂದಿಗೆ ಎದುರಾಳಿಯ ಗೆರೆ ದಾಟುವ ಟಚ್‌ಡೌನ್‌ಗೆ ಐದರ ಬದಲು ಆರು ಅಂಕ. ಪಾಸ್ 20 ಗಜ ಮೀರಬಾರದು ಎಂಬ ಕಟ್ಟು ಹೋಯಿತು. ಅಮೆರಿಕನ್ ಫುಟ್‌ಬಾಲ್ ಇವತ್ತಿಗೂ ನಿಂತಿರುವುದು ಈ ತಳಪಾಯದ ಮೇಲೇ. ನಿಯಮ ಮಾಡಿದವರು ಕಾರ್ಲೈಲನ್ನು ನೆನೆದು ಮಾಡಲಿಲ್ಲ, ನಿಜ. ಆದರೆ ಓಡುವವರಿಗೆ ಅನುಕೂಲವಾದ ನಿಯಮ ಬಂದ ವರ್ಷವೇ ಅತ್ಯುತ್ತಮ ಓಟಗಾರ ಥಾರ್ಪ್ ಆ ತಂಡದ ನಾಯಕನೂ ಆಗಿದ್ದ.

ಆಟಗಾರರ ಜೆರ್ಸಿಗೆ ನಂಬರ್ ಕಡ್ಡಾಯವಿರಲಿಲ್ಲ. ಹೆಲ್ಮೆಟ್ಟೂ ಕಡ್ಡಾಯವಲ್ಲ, ಕಾಲೇಜು ಆಟದಲ್ಲಿ ಅದು ಕಡ್ಡಾಯವಾದದ್ದು 1939ರಲ್ಲಿ.

1912ರ ಋತುವಿನ ಮೊದಲ ಐದು ಪಂದ್ಯ ನಡೆದದ್ದು ಹದಿನೈದು ದಿನದಲ್ಲಿ. ಆಲ್ಬ್ರೈಟ್ 50-7. ಲೆಬನನ್ ವ್ಯಾಲಿ 45-0. ಡಿಕಿನ್ಸನ್ 34-0. ವಿಲನೋವಾ 65-0. ಐದನೆಯದು ವಾಷಿಂಗ್ಟನ್ ಅಂಡ್ ಜೆಫರ್ಸನ್ ಕಾಲೇಜಿನ ಜೊತೆ: 0-0! ಥಾರ್ಪ್ ಒದ್ದ ಚೆಂಡುಗಳು ಅಂದು ಗೋಲ್ ಕಂಬಗಳ ನಡುವೆ ಹೋಗಲೇ ಇಲ್ಲ.

ಅದರ ಸಿಟ್ಟೋ ಏನೋ, ಮುಂದಿನ ವಾರ ಸಿರಾಕ್ಯೂಸ್ ವಿರುದ್ಧ 33-0. ಹಿಂದಿನ ವರ್ಷ ಒಂದು ಅಂಕದಿಂದ ಸೋಲಿಸಿದ್ದವರು ಇವರೇ ತಾನೆ? ಆಮೇಲೆ ಪಿಟ್ಸ್‌ಬರ್ಗ್, 45-8. ಮೂರು ವರ್ಷ ಕಳೆದ ಮೇಲೆ ವಾರ್ನರ್ ಸೇರಿದ್ದು ಇದೇ ಪಿಟ್ಸ್‌ಬರ್ಗನ್ನು, ಮತ್ತು ಅಲ್ಲಿ ಮೊದಲ ಮೂರು ಋತು ಒಂದು ಪಂದ್ಯವನ್ನೂ ಸೋಲಲಿಲ್ಲ.

ಅಕ್ಟೋಬರ್ 26ರ ಶನಿವಾರ ವಾಷಿಂಗ್ಟನ್‌ನಲ್ಲಿ ಜಾರ್ಜ್‌ಟೌನ್ ವಿರುದ್ಧ 34-20. ಸೋಮವಾರ ಗಡಿಯಾಚೆ, ಕೆನಡಾದ ಟೊರಾಂಟೊದಲ್ಲಿ ಇನ್ನೊಂದು ಪಂದ್ಯ. ನಡುವೆ ಇದ್ದದ್ದು ಒಂದು ಭಾನುವಾರ ಮತ್ತು ರೈಲು. ಅಲ್ಲಿ ಸ್ವಲ್ಪ ಹೊತ್ತು ಅಮೆರಿಕದ ನಿಯಮ, ಸ್ವಲ್ಪ ಹೊತ್ತು ಕೆನಡಾದ ರಗ್ಬಿ ನಿಯಮ. ಫಲಿತಾಂಶ 49-1. ಆ ಒಂಟಿ ಅಂಕ ಏನೆಂದು ತಲೆ ಕೆಡಿಸಿಕೊಳ್ಳಬೇಡಿ. ಚೆಂಡನ್ನು ಎದುರಾಳಿಯ ಗೆರೆಯಾಚೆ ಒದ್ದು, ಅವರು ಅದನ್ನು ಹೊರಗೆ ತರಲಾಗದಿದ್ದರೆ ಕೆನಡಾದವರು ಒಂದು ಅಂಕ ಕೊಡುತ್ತಾರೆ. ಇಂದಿಗೂ.

ಇಷ್ಟೊಂದು ತಿರುಗಾಟ ಏಕೆ? ದುಡ್ಡಿಗೆ. ಕಾರ್ಲೈಲ್ ಸಣ್ಣ ಊರು, ದೊಡ್ಡ ಕ್ರೀಡಾಂಗಣವಿಲ್ಲ. ಫಿಲಡೆಲ್ಫಿಯಾದಂಥ ನಗರಕ್ಕೆ ಹೋದರೆ ಟಿಕೆಟ್ ಹಣದಲ್ಲಿ ಪಾಲು. 'ಇಂಡಿಯನ್ನರ' ಆಟ ನೋಡಲು ಜನ ಮುಗಿಬೀಳುತ್ತಿದ್ದರು, ಪತ್ರಿಕೆಗಳು ಗರಿ, ಕೊಡಲಿ, ಯುದ್ಧದ ಕೂಗು ಎಂದೆಲ್ಲ ಬಣ್ಣ ಹಚ್ಚಿ ಬರೆಯುತ್ತಿದ್ದವು. ಶಾಲೆಯ ಒಳಗೆ ಆ ಗರಿ, ಜಡೆ, ಭಾಷೆಯನ್ನೆಲ್ಲ ಕಿತ್ತುಹಾಕುವ ಕೆಲಸ. ಹೊರಗೆ ಅದೇ ವೇಷದ ಹೆಸರಿನಲ್ಲಿ ಟಿಕೆಟ್ ಮಾರಾಟ. ಬಂದ ಹಣ ಶಾಲೆಯ ಕ್ರೀಡಾ ನಿಧಿಗೆ ಹೋಗುತ್ತಿತ್ತು, ಅದರ ಕೀಲಿಕೈ ವಾರ್ನರ್‌ನದು. ಆಟಗಾರರಿಗೆ ಬೇರೆ ವಸತಿ, ಉಳಿದ ಮಕ್ಕಳಿಗಿಂತ ಒಳ್ಳೆಯ ಊಟ.

ಆಗ ಥಾರ್ಪ್‌ಗೆ ಟೈಪಿಂಗ್, ಶೀಘ್ರಲಿಪಿ, ಲೆಕ್ಕಪತ್ರ ಹೇಳಿಕೊಡುವ ವಿಭಾಗದಲ್ಲಿ ಪಾಠ ಮಾಡುತ್ತಿದ್ದ ಯುವ ಅಧ್ಯಾಪಕಿ ಯಾರು ಗೊತ್ತೇ? ಮೇರಿಯಾನ್ ಮೂರ್. ಮುಂದೆ ಅಮೆರಿಕದ ಆಧುನಿಕ ಕಾವ್ಯದ ದೊಡ್ಡ ಹೆಸರು, 1952ರ ಪುಲಿಟ್ಜರ್ ಪ್ರಶಸ್ತಿ ವಿಜೇತೆ. 1911ರಿಂದ ಕೆಲವು ವರ್ಷ ಅವರು ಕಾರ್ಲೈಲ್‌ನಲ್ಲಿದ್ದರು. ಥಾರ್ಪ್ ಸಭ್ಯ ಹುಡುಗ ಎಂದು ನೆನೆಯುತ್ತಿದ್ದರು. ಬೇಸ್‌ಬಾಲ್ ಮೇಲಿನ ಅವರ ಪ್ರೀತಿ ಕೊನೆಯವರೆಗೂ ಬತ್ತಲಿಲ್ಲ.

ತಂಡದ ಹನ್ನೊಂದು ಮಂದಿ ಹನ್ನೊಂದು ಕಡೆಯವರು ಎಂದರೆ ತಪ್ಪಾಗದು. ತಂಡದ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಗಸ್ ವೆಲ್ಚ್ ಒಜಿಬ್ವೆ. ಅಲೆಕ್ಸ್ ಆರ್ಕಾಸಾ ವಾಷಿಂಗ್ಟನ್ ರಾಜ್ಯದ ಕಾಲ್ವಿಲ್ ಕಡೆಯವನು. ಪಾಸಮ್ ಪೊವೆಲ್ ಚೆರೋಕಿ. ವಿಲಿಯಂ ಗಾರ್ಲೊ ಟಸ್ಕರೋರಾ. ಎಲ್ಮರ್ ಬುಷ್ ಕ್ಯಾಲಿಫೋರ್ನಿಯಾದ ಪೋಮೊ. ಇವರ ಅಜ್ಜಂದಿರಿಗೆ ಒಬ್ಬರ ಮಾತು ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ಕೆಲವರು ಪರಸ್ಪರ ಹೆಸರೂ ಕೇಳಿರಲಿಲ್ಲ. ಅವರನ್ನೆಲ್ಲ ಒಂದು ಜನ ಎಂದು ಭಾವಿಸುವಂತೆ ಮಾಡಿದ್ದು, ಬುಡಕಟ್ಟು ಎಂಬುದನ್ನೇ ಅಳಿಸಲು ಹೊರಟ ಆ ಶಾಲೆ. ಪ್ರ್ಯಾಟ್ ಲೆಕ್ಕಹಾಕದೆ ಬಿಟ್ಟ ಸಂಗತಿ ಇದು.

ನವೆಂಬರ್ 9, ಶನಿವಾರ. ಜಾಗ ವೆಸ್ಟ್ ಪಾಯಿಂಟ್, ಅಮೆರಿಕದ ಸೇನಾ ಅಕಾಡೆಮಿ. ಎದುರಾಳಿ ಆರ್ಮಿ. ವೂಂಡೆಡ್ ನೀ ಎಂಬ ಜಾಗದಲ್ಲಿ ಅಮೆರಿಕದ ಸೈನಿಕರು ಲಕೋಟ ಜನರನ್ನು, ಹೆಂಗಸರು ಮಕ್ಕಳೆನ್ನದೆ, ಗುಂಡಿಟ್ಟು ಕೊಂದು ಆಗಿನ್ನೂ 22 ವರ್ಷ ತುಂಬಿರಲಿಲ್ಲ. ನಿಮ್ಮ ಅಪ್ಪ ಅಜ್ಜಂದಿರ ಜೊತೆ ಕಾದಾಡಿದವರ ಮಕ್ಕಳು ಮೊಮ್ಮಕ್ಕಳು ಇವರು ಎಂದು ವಾರ್ನರ್ ಪಂದ್ಯಕ್ಕೆ ಮುಂಚೆ ಹುಡುಗರಿಗೆ ಹೇಳಿದನಂತೆ. ಹೇಳದಿದ್ದರೂ ಅವರಿಗೆ ಮರೆತಿರಲಿಕ್ಕಿಲ್ಲ.

ಮೊದಲು ಅಂಕ ಗಳಿಸಿದ್ದು ಆರ್ಮಿಯೇ, 6-0. ಟಚ್‌ಡೌನ್ ಆದ ಮೇಲಿನ ಒದೆತ ಗುರಿ ತಪ್ಪಿತು. ಕಾರ್ಲೈಲ್ ತಿರುಗಿಸಿ ಹೊಡೆದು 7-6ಕ್ಕೆ ತಂದಿತು. ಅಂದು ವಾರ್ನರ್ ಹೊಸದೊಂದು ವ್ಯೂಹ ತಂದಿದ್ದ: ಇಬ್ಬರು ಹಾಫ್‌ಬ್ಯಾಕ್‌ಗಳನ್ನು ಹಿಂದೆ ನಿಲ್ಲಿಸುವ ಬದಲು ಸಾಲಿನ ಎರಡು ತುದಿಗಳ ಪಕ್ಕ, ರೆಕ್ಕೆಗಳಂತೆ ನಿಲ್ಲಿಸುವುದು. ಚೆಂಡು ಎಡಕ್ಕೋ ಬಲಕ್ಕೋ, ಓಟವೋ ಪಾಸೋ ಎಂದು ಆರ್ಮಿಯವರಿಗೆ ಅಂದಾಜೇ ಸಿಗದು. ಡಬಲ್ ವಿಂಗ್ ಎಂದು ಮುಂದೆ ಹೆಸರಾದ ಆ ವ್ಯೂಹ ಎರಡು ಮೂರು ದಶಕ ಕಾಲೇಜು ಆಟದಲ್ಲಿ ಮೆರೆಯಿತು. ಎಲ್ಲರ ಕಣ್ಣು ಥಾರ್ಪ್ ಮೇಲೆ ನೆಟ್ಟಿದ್ದರಿಂದ ಆರ್ಕಾಸಾಗೆ ದಾರಿ ತೆರೆಯಿತು. ಮೂರು ಟಚ್‌ಡೌನ್ ಅವನದೇ. ಸಿಟ್ಟಿಗೆ ಬುದ್ಧಿ ಕೊಟ್ಟ ಆರ್ಮಿ ನಾಯಕ ಲೆಲ್ಯಾಂಡ್ ಡಿವೋರ್, ಕಾರ್ಲೈಲ್‌ನ ಜೋ ಗಯಾನ್ ಮೇಲೆ ಎರಗಿದ್ದಕ್ಕೆ ರೆಫರಿ ಅವನನ್ನು ಹೊರಗೆ ಕಳಿಸಿದರು. ಗುದ್ದಿದ್ದಕ್ಕೆ ಕಾರ್ಲೈಲ್‌ನ ಪೊವೆಲ್ ಕೂಡ ಹೊರಗೆ ಹೋಗಿದ್ದ ಎನ್ನುವುದನ್ನೂ ಸೇರಿಸಬೇಕು. ಪ್ರ್ಯಾಟ್‌ನ ಮೊದಲ ಷರತ್ತಿನ ಬಗ್ಗೆ ಮುಕ್ಕಾಲುಪಾಲು ಎಂದದ್ದು ಇದಕ್ಕೇ. ಕೊನೆಗೆ 27-6.

ಆ ದಿನ ಥಾರ್ಪ್‌ನನ್ನು ಕೆಡವಲು ಪಣತೊಟ್ಟ ಆರ್ಮಿ ಹುಡುಗರಲ್ಲಿ ಒಬ್ಬ ಡ್ವೈಟ್ ಐಸೆನ್‌ಹೋವರ್. ಹೌದು, ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಿತ್ರಪಡೆಗಳ ದಂಡನಾಯಕ, 1953ರಿಂದ ಅಮೆರಿಕದ ಅಧ್ಯಕ್ಷ! ಅವನೂ ಜೊತೆಗಾರನೂ ಸೇರಿ ಒಬ್ಬ ಮೇಲಿನಿಂದ, ಒಬ್ಬ ಕೆಳಗಿನಿಂದ ಥಾರ್ಪ್ ಮೇಲೆ ಬೀಳುವುದೆಂದು ಮಾತಾಡಿಕೊಂಡಿದ್ದರಂತೆ. ಥಾರ್ಪ್ ಹಠಾತ್ತನೆ ನಿಂತುಬಿಟ್ಟದ್ದರಿಂದ ಇಬ್ಬರೂ ಪರಸ್ಪರ ಡಿಕ್ಕಿ ಹೊಡೆದುಕೊಂಡರಂತೆ. ಒಂದು ವಾರದ ಬಳಿಕ ಟಫ್ಟ್ಸ್ ಕಾಲೇಜಿನ ವಿರುದ್ಧ ಆಡುವಾಗ ಐಸೆನ್‌ಹೋವರ್‌ನ ಮೊಣಕಾಲು ಹೋಯಿತು, ಅವನ ಫುಟ್‌ಬಾಲೂ ಅಲ್ಲಿಗೆ ಮುಗಿಯಿತು. ಥಾರ್ಪ್ ಆಟದ ಬಗ್ಗೆ ಐಸೆನ್‌ಹೋವರ್ ಅಧ್ಯಕ್ಷ ಪದವಿ ಮುಗಿದ ಮೇಲೂ ಮೆಚ್ಚಿ ಮಾತಾಡುತ್ತಿದ್ದ.

ದೈತ್ಯರನ್ನು ಕೆಡವಿದ ತಂಡ ಮುಂದಿನ ಶನಿವಾರವೇ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ 34-26ರಿಂದ ಸೋತಿತು. ಋತುವಿನ ಏಕೈಕ ಸೋಲು.

ನವೆಂಬರ್ 23, ಸ್ಪ್ರಿಂಗ್‌ಫೀಲ್ಡ್ ವೈಎಂಸಿಎ ಕಾಲೇಜು: 30-24. ಕಾರ್ಲೈಲ್‌ನ ಆ 30 ಅಂಕವೂ ಥಾರ್ಪ್ ಒಬ್ಬನದೇ. ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು ಈ ಸ್ಪ್ರಿಂಗ್‌ಫೀಲ್ಡ್ ಕಾಲೇಜಿನಲ್ಲೇ, 1891ರಲ್ಲಿ.

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ, ನವೆಂಬರ್ 28ರಂದು, ಬ್ರೌನ್ ವಿಶ್ವವಿದ್ಯಾಲಯದ ಮೇಲೆ 32-0. ಕಾರ್ಲೈಲ್ ಜೆರ್ಸಿಯಲ್ಲಿ ಥಾರ್ಪ್ ಆಡಿದ ಕೊನೆಯ ಪಂದ್ಯ ಅದು.

ಆ ಋತುವಿನ ಅವನ ಲೆಕ್ಕ: 191 ಓಟ, 1,869 ಗಜ, 25 ಟಚ್‌ಡೌನ್, 198 ಅಂಕ. ಪ್ರತಿ ಓಟಕ್ಕೂ ಸರಾಸರಿ ಹತ್ತು ಗಜದ ಹತ್ತಿರ. ಓಟದ ಲೆಕ್ಕದಲ್ಲಿ ಎರಡು ಪಂದ್ಯಗಳು ಸೇರಿಯೇ ಇಲ್ಲ, ಅವುಗಳ ಪೂರ್ತಿ ದಾಖಲೆ ಉಳಿದಿಲ್ಲ.

ಅಷ್ಟಾದರೂ 1912ರ ರಾಷ್ಟ್ರೀಯ ಚಾಂಪಿಯನ್ ಎಂದು ದಾಖಲೆಗಳು ಹೆಸರಿಸುವುದು ಒಂದೂ ಪಂದ್ಯ ಸೋಲದ ಹಾರ್ವರ್ಡ್ ಮತ್ತು ಪೆನ್ ಸ್ಟೇಟ್ ತಂಡಗಳನ್ನು. ಹಾರ್ವರ್ಡ್ ಆ ವರ್ಷ ಕಾರ್ಲೈಲ್ ಜೊತೆ ಆಡಲೇ ಇಲ್ಲ.

1913ರ ಜನವರಿ. ಥಾರ್ಪ್ 1909, 1910ರ ಬೇಸಿಗೆಗಳಲ್ಲಿ ನಾರ್ತ್ ಕೆರೊಲಿನಾದಲ್ಲಿ ಪುಡಿಗಾಸಿಗೆ ಬೇಸ್‌ಬಾಲ್ ಆಡಿದ್ದ ಎಂದು ವೂಸ್ಟರ್ ಪಟ್ಟಣದ ಪತ್ರಿಕೆಯೊಂದು ಬರೆಯಿತು. ಹಣ ಪಡೆದವನು ಹವ್ಯಾಸಿಯಲ್ಲ, ಹವ್ಯಾಸಿಯಲ್ಲದವನಿಗೆ ಒಲಿಂಪಿಕ್ಸ್ ಇಲ್ಲ. ಆ ಕಾಲದ ಕಾಲೇಜು ಹುಡುಗರು ಎಷ್ಟೋ ಮಂದಿ ಬೇಸಿಗೆ ರಜೆಯಲ್ಲಿ ಹೀಗೆ ಆಡುತ್ತಿದ್ದರು, ಆದರೆ ಸುಳ್ಳು ಹೆಸರಿನಲ್ಲಿ. ಥಾರ್ಪ್ ಆಡಿದ್ದು ಸ್ವಂತ ಹೆಸರಿನಲ್ಲಿ, ಅದೇ ತಪ್ಪಾಯಿತು. ಪದಕ ವಾಪಸು ಹೋಯಿತು, ದಾಖಲೆಯಿಂದ ಹೆಸರು ಅಳಿಯಿತು. ತನಗೇನೂ ಗೊತ್ತಿರಲಿಲ್ಲ ಎಂದು ವಾರ್ನರ್ ಹೇಳಿದ. ಎರಡು ವರ್ಷ ತಂಡದ ಅತ್ಯುತ್ತಮ ಹುಡುಗ ಎಲ್ಲಿ ಹೋಗಿದ್ದ ಎಂದು ಕೇಳದ ಕೋಚ್ ಇರುತ್ತಾನೆಯೇ? ನಾನಂತೂ ನಂಬಲಾರೆ.

ಒಲಿಂಪಿಕ್ಸ್ ನಿಯಮದ ಪ್ರಕಾರ ತಕರಾರು ಏನಿದ್ದರೂ 30 ದಿನದೊಳಗೆ ಸಲ್ಲಿಸಬೇಕಿತ್ತು. ಬಂದದ್ದು ಆರು ತಿಂಗಳಿಗೆ. ಈ ಸಣ್ಣ ಸಂಗತಿಯನ್ನು ಹಳೆಯ ನಿಯಮ ಪುಸ್ತಕದಿಂದ ಹೆಕ್ಕಿ ತೋರಿಸಿದ್ದರಿಂದ 1983ರಲ್ಲಿ ಪದಕದ ಪ್ರತಿಗಳನ್ನು ಅವನ ಮಕ್ಕಳಿಗೆ ಕೊಟ್ಟರು, ಆದರೆ 'ಜಂಟಿ ವಿಜೇತ' ಎಂದು. ಏಕೈಕ ವಿಜೇತ ಎಂದು ಒಪ್ಪಿಕೊಂಡದ್ದು 2022ರ ಜುಲೈನಲ್ಲಿ. ಥಾರ್ಪ್ ತೀರಿಕೊಂಡದ್ದು 1953ರಲ್ಲಿ.

ಅಮೆರಿಕದ ಮೂಲನಿವಾಸಿಗಳೆಲ್ಲರಿಗೂ ಅಮೆರಿಕದ ಪೌರತ್ವ ಕೊಟ್ಟ ಕಾನೂನು ಬಂದದ್ದು 1924ರಲ್ಲಿ. 1912ರ ಆ ಋತು ಮುಗಿದು ಸುಮಾರು ಹನ್ನೆರಡು ವರ್ಷಕ್ಕೆ.

ಶಾಲೆಯ ಬೇಳೆ ಬೇಯದಂತೆ ಮಾಡಿದವನು ಹೊರಗಿನವನಲ್ಲ, ಕ್ವಾರ್ಟರ್‌ಬ್ಯಾಕ್ ಗಸ್ ವೆಲ್ಚ್. ಹಣದ ಲೆಕ್ಕ, ಮಕ್ಕಳಿಗೆ ಹೊಡೆತ, ಕೆಟ್ಟ ಊಟ ಎಲ್ಲದರ ಬಗ್ಗೆ ವಿಚಾರಣೆಯಾಗಲಿ ಎಂದು ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳ ಸಹಿ ಹಾಕಿಸಿದ. 1914ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿ ಕಾರ್ಲೈಲ್‌ಗೇ ಬಂದು ಸಾಕ್ಷ್ಯ ಕೇಳಿತು. ಕ್ರೀಡಾ ನಿಧಿಯಿಂದ ಆಟಗಾರರಿಗೆ ಹಣ ಸಂದಾಯವಾಗಿದ್ದೂ ಹೊರಬಿತ್ತು. ಶಾಲೆಯ ಆಗಿನ ಮೇಲ್ವಿಚಾರಕ ಕೆಲಸ ಕಳೆದುಕೊಂಡ, ವಾರ್ನರ್ ಪಿಟ್ಸ್‌ಬರ್ಗಿಗೆ ಹೊರಟ. ವೆಲ್ಚ್ ಮುಂದೆ ಕಾನೂನು ಓದಿದ, ಮೊದಲ ಮಹಾಯುದ್ಧಕ್ಕೆ ಹೋಗಿ ಬಂದ, ತಾನೂ ಕೋಚ್ ಆದ.

1918ರಲ್ಲಿ ಶಾಲೆ ಮುಚ್ಚಿತು. ಯುದ್ಧದಲ್ಲಿ ಗಾಯಗೊಂಡವರಿಗೆ ಆಸ್ಪತ್ರೆ ಬೇಕು ಎಂದು ಸೇನೆ ಜಾಗ ವಾಪಸು ಕೇಳಿತು. 1893ರಿಂದ 1917ರವರೆಗಿನ ತಂಡದ ಒಟ್ಟು ಲೆಕ್ಕ: ಗೆಲುವು 167, ಸೋಲು 88, ಸಮ 13. ಇನ್ನೊಂದು ಲೆಕ್ಕ, ಶಾಲೆಯ ಸ್ಮಶಾನದ್ದು: ನೂರೈವತ್ತಕ್ಕೂ ಹೆಚ್ಚು ಗೋರಿಗಳು, ಹೆಚ್ಚಿನ ಮಕ್ಕಳು ಹೋದದ್ದು ಕ್ಷಯದಂಥ ಕಾಯಿಲೆಗೆ. ಆ ಮಕ್ಕಳ ಅವಶೇಷಗಳನ್ನು ಸೇನೆ 2017ರಿಂದ ಅವರವರ ಬುಡಕಟ್ಟಿಗೆ ಒಪ್ಪಿಸುತ್ತಿದೆ. 2024ರ ಡಿಸೆಂಬರಿನಲ್ಲಿ ಶಾಲೆಯ ಜಾಗವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಲಾಯಿತು.

ಜೋ ಗಯಾನ್ ಏನಾದ? 1917ರಲ್ಲಿ ಜಾರ್ಜಿಯಾ ಟೆಕ್ ಸೇರಿ ರಾಷ್ಟ್ರೀಯ ಚಾಂಪಿಯನ್ ತಂಡದಲ್ಲಿ ಆಡಿದ. ಥಾರ್ಪ್ ಜೊತೆ ವೃತ್ತಿಪರ ಫುಟ್‌ಬಾಲ್ ಆಡಿದ. ಈಗ ಇಬ್ಬರ ಹೆಸರೂ ವೃತ್ತಿಪರ ಫುಟ್‌ಬಾಲಿನ ಹಾಲ್ ಆಫ್ ಫೇಮ್‌ನಲ್ಲಿದೆ.

1920ರಲ್ಲಿ ವೃತ್ತಿಪರ ತಂಡಗಳು ಸೇರಿ ಸಂಘ ಕಟ್ಟಿದಾಗ ಅದರ ಮೊದಲ ಅಧ್ಯಕ್ಷನಾಗಿ ಆರಿಸಿದ್ದು ಥಾರ್ಪ್‌ನನ್ನು. ಎರಡು ವರ್ಷದಲ್ಲಿ ಆ ಸಂಘದ ಹೆಸರು ಎನ್‌ಎಫ್‌ಎಲ್ ಎಂದಾಯಿತು, ಇವತ್ತು ಜಗತ್ತಿನ ಅತಿ ಶ್ರೀಮಂತ ಕ್ರೀಡಾ ಲೀಗ್.

1922ರಲ್ಲಿ ಓಹಾಯೊದ ಲರೂ ಎಂಬ, ಸಾವಿರ ಜನವೂ ಇಲ್ಲದ ಊರಿಗೆ ಎನ್‌ಎಫ್‌ಎಲ್ ತಂಡ ಬಂತು. ಎನ್‌ಎಫ್‌ಎಲ್ ತಂಡ ಹೊಂದಿದ್ದ ಅತಿ ಸಣ್ಣ ಊರು ಇಂದಿಗೂ ಅದೇ. ಮಾಲೀಕ ವಾಲ್ಟರ್ ಲಿಂಗೊ ಏರ್‌ಡೇಲ್ ಜಾತಿಯ ನಾಯಿ ಸಾಕಿ ಮಾರುವವನು, ಊರಾಂಗ್ ಅವನ ನಾಯಿ ವ್ಯಾಪಾರದ ಹೆಸರು, ತಂಡ ಊರಾಂಗ್ ಇಂಡಿಯನ್ಸ್. ಆಟಗಾರರೆಲ್ಲ ಮೂಲನಿವಾಸಿಗಳು, ಕಾರ್ಲೈಲ್‌ನ ಹಳಬರೂ ಹಲವರು, ಕೋಚ್ ಥಾರ್ಪ್. ಲಿಂಗೊಗೆ ಗೆಲುವಿಗಿಂತ ಪ್ರಚಾರ ಮುಖ್ಯ. ಅರ್ಧಾವಧಿಯ ವಿರಾಮದಲ್ಲಿ ಆಟಗಾರರೇ ವೇಷ ತೊಟ್ಟು ನಾಯಿಗಳ ಜೊತೆ ಪ್ರದರ್ಶನ ಕೊಡಬೇಕು. ಎರಡು ಋತುವಿನಲ್ಲಿ ತಂಡ ಗೆದ್ದದ್ದು 4 ಪಂದ್ಯ, ಸೋತದ್ದು 16. ನಾಯಿಗಳು ಮಾತ್ರ ಚೆನ್ನಾಗಿಯೇ ಮಾರಾಟವಾದವು.

ಕಾರ್ಲೈಲ್‌ನ ಹಳೆಯ ಬ್ಯಾರಕ್‌ಗಳಲ್ಲಿ ಈಗ ಇರುವುದು ಅಮೆರಿಕದ ಆರ್ಮಿ ವಾರ್ ಕಾಲೇಜು, ಹಿರಿಯ ಸೇನಾಧಿಕಾರಿಗಳು ಓದುವ ಜಾಗ. ಬೇರೆ ಬೇರೆ ಸೇನಾ ಕಾಲೇಜುಗಳ ಅಧಿಕಾರಿಗಳು ಪ್ರತಿವರ್ಷ ಅಲ್ಲಿಗೆ ಬಂದು ಪಂದ್ಯಾಟ ಆಡುತ್ತಾರೆ. ಆ ಪಂದ್ಯಾಟದ ಹೆಸರು ಜಿಮ್ ಥಾರ್ಪ್ ಸ್ಪೋರ್ಟ್ಸ್ ಡೇಸ್.